ಸುಂಕದವನ ಮುಂದೆ ಕೌಬಾಯ್

ಹೊರದೇಶದಲ್ಲಿ ತಯಾರಾದ ಸಿನಿಮಾಗಳಿಗೆಲ್ಲ ಶೇ. 100 ಸುಂಕ ಅಂತ ಟ್ರಂಪ್ ಸಾಹೇಬರು 2025ರ ಮೇನಲ್ಲಿ ಗುಡುಗಿದ್ದು, ಸೆಪ್ಟೆಂಬರಿನಲ್ಲಿ ಮತ್ತೆ ಅದನ್ನೇ ಗುಡುಗಿದ್ದು ನಿಮಗೆ ಗೊತ್ತೇ ಇದೆ. ವಿದೇಶಿ ಚಿತ್ರ ಅಂದರೆ ದೇಶದ ಭದ್ರತೆಗೆ ಕುತ್ತಂತೆ, ಪ್ರಚಾರದ ಸರಕಂತೆ. ತಕ್ಕಡಿಯಲ್ಲಿ ತೂಗುತ್ತಾರೋ, ಗಜದಲ್ಲಿ ಅಳೆಯುತ್ತಾರೋ, ದೇವರೇ ಬಲ್ಲ.

ಅಭ್ಯಾಸಕ್ಕೆ ಇರಲಿ, ಅಪ್ಪಟ ಅಮೆರಿಕನ್ ಮಾಲನ್ನೇ ಕೊಡೋಣ. 1952ರ ‘ಹೈ ನೂನ್’, 85 ನಿಮಿಷ. ಕೊಲೆಗಡುಕರು ಬರುವಾಗ ಊರಿನವರೆಲ್ಲ ಕೈಬಿಟ್ಟ ಪೊಲೀಸ್ ಅಧಿಕಾರಿಯೊಬ್ಬನ ಕೌಬಾಯ್ ಕಥೆ. ನಿರ್ದೇಶಕ ಫ್ರೆಡ್ ಜಿನ್ನೆಮನ್ ಹುಟ್ಟಿದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ. ಸಂಗೀತದ ಡಿಮಿಟ್ರಿ ಟ್ಯೋಮ್ಕಿನ್ ಉಕ್ರೇನಿನವರು. ಚಿತ್ರಕಥೆಯ ಕಾರ್ಲ್ ಫೋರ್‌ಮನ್ ಮಾತ್ರ ಷಿಕಾಗೋದ ಸ್ವದೇಶಿ. ದೇಶ ಬಿಡಿಸಿದ್ದು ಅವರನ್ನೇ.

1951ರ ಸೆಪ್ಟೆಂಬರಿನಲ್ಲಿ, ಶೂಟಿಂಗ್ ನಡೆಯುತ್ತಿದ್ದಾಗಲೇ ಸಂಸತ್ತಿನ ಕಮ್ಯುನಿಸ್ಟ್-ಬೇಟೆ ಸಮಿತಿ ಅವರನ್ನು ಕರೆಸಿತು. ಆ ಸಮಿತಿಯ ಕಾರ್ಯವಿಧಾನ ಬಲು ಸೊಗಸು. ‘ನಾನು ಹಿಂದೆ ಪಕ್ಷದಲ್ಲಿದ್ದೆ’ ಅಂದರೆ ಸಾಲದು, ಜೊತೆಗಿದ್ದವರ ಹೆಸರು ಉಸುರಬೇಕು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಅನ್ನುವ ಸಂವಿಧಾನದ ಐದನೇ ತಿದ್ದುಪಡಿಯ ಆಸರೆ ಪಡೆದು ಬಾಯಿ ಮುಚ್ಚಿಕೊಂಡರೆ ಜೈಲಿಲ್ಲ, ಕೆಲಸವೂ ಇಲ್ಲ. ಹೆಸರುಗಳೋ, ಸಮಿತಿಗೆ ಮೊದಲೇ ಗೊತ್ತು! ಬೇಕಾಗಿದ್ದು ಮಾಹಿತಿಯಲ್ಲ, ಮಂಡಿಯೂರುವುದು. ಫೋರ್‌ಮನ್ ಯಾರ ಹೆಸರನ್ನೂ ಹೇಳಲಿಲ್ಲ. ಗೆಳೆಯರು ಒಬ್ಬೊಬ್ಬರಾಗಿ ಜಾರಿಕೊಳ್ಳುವಾಗ ಆಡಿದ ಮಾತುಗಳು ಚಿತ್ರದಲ್ಲಿ ಊರಿನವರ ಬಾಯಿಗೆ ಬಂದು ಕೂತವು. ಆಮೇಲೆ ಅವರ ದಾರಿ ಇಂಗ್ಲೆಂಡಿಗೆ.

ಫೋರ್‌ಮನ್ನರನ್ನು ದೇಶದಿಂದ ಓಡಿಸಲು ಕೈಜೋಡಿಸಿದ್ದಕ್ಕೆ ತನಗೆ ಪಶ್ಚಾತ್ತಾಪವೇ ಇಲ್ಲ ಅಂತ ಕೌಬಾಯ್ ಚಿತ್ರಗಳ ನಟ ಜಾನ್ ವೇಯ್ನ್ 1971ರಲ್ಲಿ ಹೇಳಿಕೊಂಡರು. ‘ಹೈ ನೂನ್’ನ ನಾಯಕ ಗ್ಯಾರಿ ಕೂಪರ್ ಕೊನೆಗೆ ಅಧಿಕಾರದ ಬಿಲ್ಲೆಯನ್ನು ಕಾಲಲ್ಲಿ ತುಳಿದ ಅನ್ನುವುದೂ ಅವರ ತಕರಾರು. ತುಳಿದಿಲ್ಲ ಸ್ವಾಮಿ, ಧೂಳಿಗೆ ಎಸೆದ, ಅಷ್ಟೆ. ಅದೇ ಕೂಪರ್‌ಗೆ ಬಂದ ಆಸ್ಕರನ್ನು ಅವರ ಪರವಾಗಿ ವೇದಿಕೆ ಹತ್ತಿ ಇಸಕೊಂಡವರೂ ವೇಯ್ನ್ ಅವರೇ. ‘ಹೈ ನೂನ್’ಗೆ ಉತ್ತರವಾಗಿ 1959ರಲ್ಲಿ ‘ರಿಯೋ ಬ್ರಾವೋ’ ಮಾಡಿ, ಗಂಡಸಾದ ಶೆರಿಫ್ ಊರವರ ಮುಂದೆ ಕೈಚಾಚುವುದಿಲ್ಲ ಅಂತ 141 ನಿಮಿಷ ಪಾಠ ಹೇಳಿದರು.

ಪ್ರಚಾರ ಅಂದಿರಲ್ಲ, ವೇಯ್ನ್ ಅವರದೇ 1968ರ ‘ದಿ ಗ್ರೀನ್ ಬೆರೆಟ್ಸ್’ ಇದೆಯಲ್ಲ. ಅಮೆರಿಕದ ಸೇನೆಯೇ ಸಾಮಾನು ಸರಂಜಾಮು ಒದಗಿಸಿದ ವಿಯೆಟ್ನಾಂ ಯುದ್ಧದ ಚಿತ್ರ, ಒಳಗೆ ಹಳೇ ಕೌಬಾಯ್ ಕಥೆಯೇ. ಸೇನಾ ಶಿಬಿರದ ಹೆಸರು ‘ಡಾಡ್ಜ್ ಸಿಟಿ’, ಕೌಬಾಯ್ ಕಥೆಗಳ ಊರಿನದೇ ಹೆಸರು. ಕೊನೆಯ ದೃಶ್ಯದಲ್ಲಿ ಸೂರ್ಯ ಸಮುದ್ರದಲ್ಲಿ ಮುಳುಗುತ್ತಾನೆ. ಅಲ್ಲಿ ಸಮುದ್ರವಿರುವುದು ಪೂರ್ವಕ್ಕೆ! ದೇಶಭಕ್ತಿ ಸಾಕಷ್ಟಿದ್ದರೆ ಸೂರ್ಯನೂ ಹೇಳಿದ ಕಡೆ ಮುಳುಗುತ್ತಾನೆ.

ನಗು ಇಷ್ಟಕ್ಕೇ ಸಾಕು. ಆ ಕಮ್ಯುನಿಸ್ಟ್-ಬೇಟೆಯಲ್ಲಿ ಒಂದು ಪೀಳಿಗೆಯ ಬರಹಗಾರರನ್ನು ಕೆಲಸ ಕೊಡಬಾರದವರ ಕಪ್ಪುಪಟ್ಟಿಗೆ ಸೇರಿಸಿ ಅನ್ನ ಕಿತ್ತುಕೊಂಡರು. ಊರು ಬಿಡಲಾಗದವರು ಬೇರೆಯವರ ಹೆಸರಿನಲ್ಲಿ, ಅರ್ಧಂಬರ್ಧ ಕಾಸಿಗೆ ಬರೆದರು. ಕೇಳಿದವರಿಲ್ಲ. ಈಗ, ನಮ್ಮ ಸಿನಿಮಾವನ್ನು ಪರದೇಶದವರು ಕದ್ದರು ಅನ್ನುವ ಅಳಲು.

ಗಡಿಪಾರಿನಲ್ಲೇ ಫೋರ್‌ಮನ್ ಮತ್ತು ಮೈಕೆಲ್ ವಿಲ್ಸನ್ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಬರೆದರು. ಇಬ್ಬರೂ ಕಪ್ಪುಪಟ್ಟಿಯವರು, ಹೆಸರು ಹಾಕುವಂತಿಲ್ಲ. 1957ರ ಚಿತ್ರಕಥೆಯ ಆಸ್ಕರ್ ಮೂಲ ಕಾದಂಬರಿಯ ಫ್ರೆಂಚ್ ಲೇಖಕ ಪಿಯರ್ ಬೂಲ್‌ಗೆ ಹೋಯಿತು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ. ತಪ್ಪು ತಿದ್ದಿಕೊಂಡು ಪ್ರಶಸ್ತಿಯನ್ನು ಮನೆಯವರ ಕೈಗಿಡುವ ಹೊತ್ತಿಗೆ ಫೋರ್‌ಮನ್ನರೂ ಇರಲಿಲ್ಲ, ವಿಲ್ಸನ್ನರೂ ಇರಲಿಲ್ಲ.

ಅಂದ ಹಾಗೆ, ಆ ಚಿತ್ರದ ಶೂಟಿಂಗ್ ನಡೆದದ್ದು ಸಿಲೋನಿನಲ್ಲಿ. ಬರೆದುಕೊಳ್ಳಿ, ಶೇ. 100.