ಮಾಡಿತಾ?

ಈಗಷ್ಟೇ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬಂದು ಕೂತಿದ್ದೇನೆ. ಬೆಳಿಗ್ಗೆಯಿಂದ ಇದು ಎರಡನೇ ಸಲ. ಬೆರಳ ತುದಿಗಳೆಲ್ಲ ನೆನೆದು ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿವೆ. ಇಷ್ಟಕ್ಕೆಲ್ಲ ಕಾರಣನಾದ ಮಹಾನುಭಾವ ಮಾತ್ರ ಮೇಲಿನ ಕೊಂಬೆಯ ಮೇಲೆ ಕೈಕಾಲು ಇಳಿಬಿಟ್ಟು ಬಿಸಿಲು ಕಾಯಿಸುತ್ತ ಮಲಗಿದ್ದಾನೆ. ಆ ಬಿಸಿಲೂ ನಾನು ಕೊಡಿಸಿದ್ದೇ.

ಮುಕ್ಕಣ್ಣ ನಮ್ಮನೆಯ ವಾಟರ್ ಡ್ರ್ಯಾಗನ್. ಹೆಸರು ಕೇಳಿ ಬೆಂಕಿ ಉಗುಳುತ್ತಾನೆ ಅಂದುಕೊಳ್ಳಬೇಡಿ. ಅವನು ಏನೂ ಉಗುಳುವುದಿಲ್ಲ, ಉಗುಳು ನುಂಗಿಕೊಂಡು ಸುಮ್ಮನಿರುವವರು ನಾವೇ. ಹಸಿರು ಮೈ, ಬೆನ್ನುದ್ದಕ್ಕೂ ಗರಗಸದಂಥ ಮುಳ್ಳುಸಾಲು, ಮೈಗಿಂತ ಎರಡು ಪಟ್ಟು ಉದ್ದದ ಬಾಲ. ಮನೆಗೆ ಬಂದ ದಿನ ಅಮ್ಮ ಕನ್ನಡಕ ಏರಿಸಿಕೊಂಡು ನೋಡಿ, 'ಇದು ಓತಿಕ್ಯಾತ ಅಲ್ವೇನೋ?' ಅಂದಳು. 'ಅಲ್ಲ ಅಜ್ಜಿ, ಡ್ರ್ಯಾಗನ್' ಅಂತ ಮಗಳು ಮುಖ ಉಬ್ಬಿಸಿಕೊಂಡಳು. ಆಮೇಲೆ ಓದಿ ನೋಡಿದರೆ ಅಮ್ಮನ ಮಾತೇ ಸರಿ, ಎರಡೂ ಅಗಾಮಿಡೇ ಅನ್ನುವ ಒಂದೇ ಕುಟುಂಬದವು. ಬೇಲಿ ಮೇಲೆ ಹೋಗ್ತಿದ್ದ ಓತಿಕ್ಯಾತನ್ನ ಪಂಚೆಯೊಳಗೆ ಬಿಟ್ಕೊಂಡ ಹಾಗೆ ಅನ್ನುವ ಗಾದೆ ಇದೆಯಲ್ಲ, ಅದನ್ನು ಅಮ್ಮ ಅವತ್ತು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೆ.

ಹೆಸರಿಟ್ಟವಳು ಮಗಳು. ಇವನ ನೆತ್ತಿಯ ಮೇಲೆ ಸಾಸಿವೆ ಕಾಳಿನಷ್ಟು ಒಂದು ಬಿಳಿಚುಕ್ಕೆ ಇದೆ. ಅದು ಮೂರನೇ ಕಣ್ಣು, ನಿಜವಾಗಿಯೂ. ಅದಕ್ಕೆ ಚಿತ್ರ ಕಾಣುವುದಿಲ್ಲ, ಬೆಳಕು ನೆರಳು ಮಾತ್ರ ಗೊತ್ತಾಗುತ್ತದೆ. ಮೇಲಿಂದ ಹದ್ದಿನ ನೆರಳು ಬಿದ್ದರೆ ಎಚ್ಚರಾಗಲಿ ಅಂತ ಇರಬೇಕು. ನಮ್ಮನೆಯಲ್ಲಿ ಮೇಲಿಂದ ಬೀಳುವ ನೆರಳು ಅಂದರೆ ಮಗ್ಗು ಹಿಡಿದ ನನ್ನದು ಮಾತ್ರ. ಅದಕ್ಕೆ ಅವನು ಕ್ಯಾರೇ ಅನ್ನುವುದಿಲ್ಲ.

ಬಂದಾಗ ಬಾಲ ಬಿಟ್ಟರೆ ಬೆರಳುದ್ದ ಇದ್ದ. ಖಾಲಿ ಬಿದ್ದಿದ್ದ ಎರಡಡಿಯ ಮೀನಿನ ತೊಟ್ಟಿ ಧಾರಾಳ ಸಾಕು ಅಂದುಕೊಂಡೆ. ಗಂಡಾದರೆ ಮೂರಡಿವರೆಗೆ ಬೆಳೆಯುತ್ತದೆ ಅನ್ನುವುದನ್ನು ತೊಟ್ಟಿ ತೊಳೆದಿಟ್ಟ ಮೇಲೆ ಓದಿದೆ. ಓದುವುದನ್ನು ಯಾವಾಗಲೂ ಒಂದು ಹೆಜ್ಜೆ ತಡವಾಗಿ ಓದುವುದು ನನ್ನ ಅಭ್ಯಾಸ.

ಅವನ ತಲೆಗೆ ಹೋಗದ ವಸ್ತು ಒಂದಿದ್ದರೆ ಅದು ಗಾಜು. ಆಚೆ ಕಾಣುತ್ತಿದೆ, ಅಂದಮೇಲೆ ಆಚೆ ಹೋಗಬಹುದು ಅನ್ನುವುದು ಅವನ ತರ್ಕ. ದಿನವಿಡೀ ಮೂತಿ ಉಜ್ಜಿದ, ಗುದ್ದಿದ, ಕೊನೆಗೆ ಮೂಗಿನ ತುದಿ ತರಚಿ ಕೆಂಪಾಯಿತು. ಹಾಗೇ ಬಿಟ್ಟರೆ ಹುಣ್ಣು ದವಡೆಯವರೆಗೂ ಹೋಗುತ್ತದೆ ಅಂದರು ಡಾಕ್ಟರು. ಗಾಜಿನ ಕೆಳಭಾಗಕ್ಕೆ ಕಂದು ಕಾಗದ ಅಂಟಿಸಿದ ಮೇಲೆ 'ಓಹೋ, ಇಲ್ಲಿ ಗೋಡೆ ಇದೆ' ಅಂತ ಒಪ್ಪಿಕೊಂಡ. ಅದೇ ಭೇಟಿಯಲ್ಲಿ ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು, 'ಯುವಿಬಿ ದೀಪ ಎಲ್ಲಿ ಹಾಕಿದ್ದೀರಿ?' ಗಾಜಿನ ಮುಚ್ಚಳದ ಮೇಲೆ ನೀಟಾಗಿ ಇಟ್ಟಿದ್ದೇನೆ ಅಂತ ಹೆಮ್ಮೆಯಿಂದಲೇ ಹೇಳಿದೆ. ಯುವಿಬಿ ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ; ಅದು ಮೈಗೆ ಬಿದ್ದರೆ ವಿಟಮಿನ್ ಡಿ3, ಅದಿದ್ದರೆ ತಿಂದ ಕ್ಯಾಲ್ಸಿಯಂ ಮೂಳೆಗೆ, ಇಲ್ಲದಿದ್ದರೆ ಮೂಳೆಯೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ಆದರೆ ಗಾಜು ಆ ಕಿರಣವನ್ನು ದಾಟಿಸುವುದಿಲ್ಲ. ಅಂದರೆ ನಾಲ್ಕು ತಿಂಗಳು ನಾನು ಬಿಸಿಲು ಕೊಟ್ಟದ್ದು ಮುಚ್ಚಳಕ್ಕೆ. ಇನ್ನೊಂದು ಮೋಸ ಕೇಳಿ: ಈ ದೀಪಗಳು ಕಣ್ಣಿಗೆ ಝಗ್ಗನೆ ಉರಿಯುತ್ತಲೇ ಇರುತ್ತವೆ, ಆದರೆ ಆರು ತಿಂಗಳು, ಹೆಚ್ಚೆಂದರೆ ವರ್ಷದೊಳಗೆ ಒಳಗಿನ ಸತ್ವ ಇಳಿದುಹೋಗಿರುತ್ತದೆ. ಚೆನ್ನಾಗಿ ಉರಿಯುವ ದೀಪವನ್ನು ಬಿಚ್ಚಿ ಎಸೆಯುವಾಗ ನನ್ನ ಹೆಂಡತಿ ನನ್ನನ್ನು ನೋಡುವ ನೋಟಕ್ಕೆ ಯಾವ ಗಾಜೂ ಅಡ್ಡ ಬರುವುದಿಲ್ಲ.

ಹಾಗಾಗಿ ಹೊಸ ಗೂಡು. ಇವು ಮರ ಹತ್ತುವ ಜಾತಿ, ಉದ್ದಕ್ಕಿಂತ ಎತ್ತರ ಮುಖ್ಯ. ಆರಡಿ ಎತ್ತರ, ನಾಲ್ಕಡಿ ಅಗಲ, ಎರಡೂವರೆ ಅಡಿ ಆಳ ಅಂತ ಬಡಗಿಗೆ ಹೇಳಿದೆ. ಬರೆದುಕೊಂಡ. 'ಬಟ್ಟೆ ಇಡೋದಕ್ಕಾ ಸಾರ್?' ಅಂದ. ಇಲ್ಲಪ್ಪ, ಒಂದು ದೊಡ್ಡ ಓತಿಕ್ಯಾತ ಇದೆ ಅಂದೆ. ಸ್ವಲ್ಪ ಹೊತ್ತು ಪೆನ್ಸಿಲ್ಲಿನಿಂದ ಕಿವಿ ಕೆರೆದುಕೊಂಡು, 'ಬೀಗ ಇಡಲಾ?' ಅಂದ. ಒಳಗಿನಿಂದ ಹೆಂಡತಿಯ ದನಿ, 'ನಾನು ಬಟ್ಟೆ ಬೀರು ಕೇಳಿ ಮೂರು ವರ್ಷ ಆಯ್ತು ರೀ.'

ಬಿಡಿಬಿಡಿಯಾಗಿ ತಂದು ಕೋಣೆಯೊಳಗೇ ಜೋಡಿಸಿದ್ದಾಯಿತು. ತೇವಕ್ಕೆ ಮರ ಉಬ್ಬದಿರಲಿ ಅಂತ ಒಳಗೆಲ್ಲ ವಾರ್ನಿಷು, ಅದರ ವಾಸನೆ ಹೋಗಲು ಎರಡು ವಾರ. ಮೇಲೆ ಒಂದು ತುದಿಗೆ 32ರಿಂದ 35 ಡಿಗ್ರಿ ಬಿಸಿಲು, ಇನ್ನೊಂದು ತುದಿಗೆ 25ರ ಆಸುಪಾಸು ನೆರಳು. ದೀಪಕ್ಕೆ ಅಪ್ಪಿಕೊಂಡು ಸುಟ್ಟುಕೊಳ್ಳದಂತೆ ಅದರ ಸುತ್ತ ಜಾಲರಿ. ಗಾಳಿಯಲ್ಲಿ ತೇವ ಶೇಕಡಾ 60ರಿಂದ 80. ಈ ಕೊನೆಯದೇ ನನ್ನನ್ನು ಅರ್ಧ ಮುಗಿಸಿದ್ದು. ಬಿಸಿಲು ಸರಿಮಾಡಿದರೆ ತೇವ ಇಳಿಯುತ್ತದೆ, ಪಿಚಕಾರಿ ಹೊಡೆದು ತೇವ ಏರಿಸಿದರೆ ಬಿಸಿಲು ಇಳಿಯುತ್ತದೆ, ಎರಡೂ ಸರಿಯಾದ ದಿನ ಮೂಲೆಯಲ್ಲಿ ಬೂಷ್ಟು ಏಳುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಮಾಪಕ ನೋಡಿದ್ದೇನೆ. ನನ್ನ ಬಿಪಿ ಎಷ್ಟಿದೆ ಅಂತ ಕೇಳಿದರೆ ಗೊತ್ತಿಲ್ಲ.

ಕೊನೆಗೆ ನೀರು. ಹೆಸರಲ್ಲೇ ವಾಟರ್ ಇದೆ, ಮೈ ಮುಳುಗುವಷ್ಟು ನೀರು ಬೇಕು. ನಲವತ್ತು ಲೀಟರಿನ ಟಬ್ಬು ಇಟ್ಟೆ. 'ತಳದಲ್ಲಿ ಒಂದು ತೂತು ಬಿಡಿಸಿ, ಪೈಪು ಹಾಕಿಸಿ' ಅಂದಳು ಹೆಂಡತಿ. ಸೋರುತ್ತದೆ ಅಂತ ನಾನು ಬೇಡ ಅಂದೆ. ಆ ತೂತಿನ ವಿಷಯ ಇವತ್ತಿಗೂ ನಮ್ಮ ಸಂಸಾರದಲ್ಲಿ ಮುಗಿದಿಲ್ಲ.

ಯಾಕೆಂದರೆ ವಾಟರ್ ಡ್ರ್ಯಾಗನ್ ಕಕ್ಕಸು ಮಾಡುವುದು ನೀರಲ್ಲಿ. ಆರಡಿ ಎತ್ತರದ ಗೂಡಿದೆ, ಕೆಳಗೆ ತೆಂಗಿನ ನಾರಿನ ಪುಡಿ ಹಾಸಿದೆ, ಮೂಲೆಗಳಿವೆ, ಗಿಡದ ಮರೆ ಇದೆ. ಇಲ್ಲ, ನೀರೇ ಆಗಬೇಕು. ಅದರಲ್ಲೂ ಆಗಷ್ಟೇ ಬದಲಾಯಿಸಿದ ನೀರು ಆಗಬೇಕು.

ಬೆಳಗಿನ ಕ್ರಮ ಹೀಗೆ. ನಲವತ್ತು ಲೀಟರು ಅಂದರೆ ನಲವತ್ತು ಕೆಜಿ, ಎತ್ತಿ ಚೆಲ್ಲಲಾಗದು. ಮಗ್ಗಿನಲ್ಲಿ ಮೊಗೆದು ಬಕೆಟ್ಟಿಗೆ, ಬಕೆಟ್ಟು ಬಚ್ಚಲಿಗೆ. ಈ ಬಕೆಟ್ಟಿಗೆ ಕೆಂಪು ದಾರ ಕಟ್ಟಿದೆ, ಬೇರೆ ಯಾರೂ ಮುಟ್ಟುವಂತಿಲ್ಲ, ಇಂಥ ಪ್ರಾಣಿಗಳ ಮಲದಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಟಬ್ಬಿನೊಳಗೆ ಅರ್ಧ ತೂರಿಕೊಂಡು ಬ್ರಷ್ಷು ಉಜ್ಜಿ, ಮೂರು ಸಲ ಜಾಲಿಸಿ, ಉಗುರು ಬೆಚ್ಚಗಿನ ನೀರು ತುಂಬಿಸುತ್ತೇನೆ. ಇಷ್ಟೂ ಹೊತ್ತು ಮುಕ್ಕಣ್ಣ ಮೇಲಿಂದ ತಲೆ ಓರೆ ಮಾಡಿ ನೋಡುತ್ತಿರುತ್ತಾನೆ. ನಾನು ಬೆನ್ನು ನೆಟ್ಟಗೆ ಮಾಡಿ ನಿಂತ ತಕ್ಷಣ ಇಳಿಯಲು ಶುರು. ಒಂದು ಹೆಜ್ಜೆ, ನಿಲ್ಲುತ್ತಾನೆ. ಇನ್ನೊಂದು ಹೆಜ್ಜೆ. ಗೃಹಪ್ರವೇಶಕ್ಕೆ ಬಂದ ಹಿರಿಯರ ಹಾಗೆ ಎಡಕ್ಕೂ ಬಲಕ್ಕೂ ನೋಡುತ್ತಾನೆ. ಮುಂಗಾಲು ಅದ್ದಿ ಬಿಸಿ ನೋಡುತ್ತಾನೆ. ನಿಧಾನಕ್ಕೆ ಕತ್ತಿನವರೆಗೆ ಇಳಿದು ಕಣ್ಣು ಅರ್ಧ ಮುಚ್ಚುತ್ತಾನೆ. ಆಗ ಅವನ ಮುಖದಲ್ಲಿ ಎಂಥ ಶಾಂತಿ ಅಂತೀರಿ! ನೋಡಿದ ನನಗೂ ಒಂದು ಕ್ಷಣ ಈ ದುಡಿಮೆಗೆಲ್ಲ ಅರ್ಥವಿದೆ ಅನ್ನಿಸುತ್ತದೆ. ಆ ಕ್ಷಣಕ್ಕೇ ಬಾಲದ ಬುಡ ಒಂದಿಷ್ಟು ಮೇಲೇಳುತ್ತದೆ. 'ಬೇಡ ಕಣೋ' ಅನ್ನುತ್ತೇನೆ. ಆಗಿಹೋಗಿರುತ್ತದೆ.

ಹೋಗಲಿ, ಮಾಡಿದ್ದರ ಜೊತೆಗಾದರೂ ಇರುತ್ತಾನಾ? ಇಲ್ಲ. ನೀರು ಗಲೀಜಾಯಿತು ಅಂತ ತಕ್ಷಣ ಮೇಲೆ ಬಂದು, ಕೊಂಬೆ ಹತ್ತಿ, ನನ್ನ ಕಡೆ ತಿರುಗಿ ನೋಡುತ್ತಾನೆ. ಮಗ್ಗು ಎಲ್ಲಿ ಅನ್ನುವ ನೋಟ.

ಇದರಲ್ಲಿ ಅಮ್ಮನದೂ ಒಂದು ಪಾತ್ರ. ಓತಿಕ್ಯಾತ ಅಂತ ಮೂಗು ಮುರಿದವಳೇ ಈಗ ದಿನಾ ಸ್ನಾನ ಮುಗಿಸಿ, ತಲೆಗೆ ಟವೆಲ್ಲು ಸುತ್ತಿಕೊಂಡು, ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಮಾತು, 'ಮಾಡಿತಾ?' ಮಗಳು ಕೂಸಾಗಿದ್ದಾಗ ಇದೇ ಬಾಗಿಲಲ್ಲಿ, ಇದೇ ರಾಗದಲ್ಲಿ ಕೇಳುತ್ತಿದ್ದಳು. ಮಾಡಿತಮ್ಮ ಅಂದರೆ ಸಾಲದು. ಗಟ್ಟಿಯಾಗಿತ್ತಾ, ನೀರಾಗಿತ್ತಾ, ಬಣ್ಣ ಹೇಗಿತ್ತು. ನಾನು ಆಫೀಸಿನ ಫೋನಿನಲ್ಲಿದ್ದರೂ ಆಚೆಯಿಂದ ಕೇಳುತ್ತಾಳೆ. ಒಮ್ಮೆ ಮೀಟಿಂಗಿನ ಮಧ್ಯೆ ಮೈಕು ಆಫ್ ಮಾಡುವುದನ್ನು ಮರೆತು 'ಮಾಡಿತು, ಸ್ವಲ್ಪ ಸಡಿಲ' ಅಂದುಬಿಟ್ಟೆ. ಆ ಕಡೆ ಹನ್ನೊಂದು ಜನ. ಒಬ್ಬರೂ ಏನೂ ಕೇಳಲಿಲ್ಲ. ಅವತ್ತಿನಿಂದ ನನಗೆ ರಜೆ ಬೇಗ ಮಂಜೂರಾಗುತ್ತಿದೆ.

ಕಳೆದ ವಾರ ಟಬ್ಬಿನ ಮೇಲೆ ಬಾಗಿದ್ದ ಹಳೇ ಕೊಂಬೆ ಬಿರುಕು ಬಿಟ್ಟಿತ್ತು. ಹೊಸದು ತಂದು, ನೋಡಲು ಚಂದ ಅಂತ ಎದುರು ಗೋಡೆಯ ಕಡೆಗೆ ತಿರುಗಿಸಿ ಕಟ್ಟಿದೆ. ಮುಕ್ಕಣ್ಣ ಮೂರು ದಿನ ಮೂಲೆ ಬಿಟ್ಟು ಏಳಲಿಲ್ಲ. ಜೀರುಂಡೆ ಬಿಟ್ಟರೆ ತಿನ್ನಲಿಲ್ಲ (ತಿನ್ನದೆ ಉಳಿದವು ಈಗ ಬೀರುವಿನ ಹಿಂದೆ ರಾತ್ರಿಯಿಡೀ ಕಚೇರಿ ನಡೆಸುತ್ತಿವೆ). ನೀರಿಗೂ ಇಳಿಯಲಿಲ್ಲ. ಟಬ್ಬು ಮೂರು ದಿನ ಕನ್ನಡಿಯ ಹಾಗೆ ನಿಂತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಸಿಕ್ಕ ಬಿಡುವು. ನಾನೋ, ಗಂಟೆಗೊಮ್ಮೆ ಹೋಗಿ ಟಬ್ಬು ಇಣುಕಿ ನೋಡುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ಏನೂ ಕೇಳದೆ ಹೋಗುತ್ತಿದ್ದಳು.

ಇವು ದಕ್ಷಿಣ ಚೀನಾ, ವಿಯೆಟ್ನಾಂ, ಲಾವೋಸ್, ಥಾಯ್ಲೆಂಡಿನ ತೊರೆಗಳ ದಂಡೆಯವು. ನೀರಿನ ಮೇಲೆ ಬಾಗಿದ ಕೊಂಬೆಯಲ್ಲೇ ಮಲಗುತ್ತವೆ. ಹಾವು ಹತ್ತಿ ಕೊಂಬೆ ಅಲ್ಲಾಡಿದರೆ ಹಾಗೇ ಕೆಳಗೆ ಬಿದ್ದು ನೀರು ಸೇರಿಬಿಡುತ್ತವೆ. ಮನುಷ್ಯರಿಂದ ಮಾತ್ರ ಹಾಗೆ ತಪ್ಪಿಸಿಕೊಳ್ಳಲು ಆಗಿಲ್ಲ. ಹಿಡಿದು ಮಾರುವುದು ಹೆಚ್ಚಾಗಿ, 2022ರಲ್ಲಿ ವನ್ಯಜೀವಿ ವ್ಯಾಪಾರದ ಒಪ್ಪಂದದ ಸಭೆಗೆ ಪನಾಮಾದಲ್ಲಿ ಸೇರಿದ ದೇಶಗಳು ಇವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿಯ ಕಡಿವಾಣ ಹಾಕಿದವು. ನಮ್ಮ ಮುಕ್ಕಣ್ಣ ಸಾಕಣೆಯಲ್ಲೇ ಮೊಟ್ಟೆಯೊಡೆದು ಬಂದವನು. ತೊರೆಯನ್ನೂ ಕಂಡಿಲ್ಲ, ಹಾವನ್ನೂ ಕಂಡಿಲ್ಲ. ಆದರೂ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ನಲವತ್ತು ಲೀಟರಿನ ಪ್ಲಾಸ್ಟಿಕ್ ಟಬ್ಬಿನ ಮೇಲಿನ ಕೊಂಬೆಯೇ ಅವನಿಗೆ ಬೇಕು. ಎಂದೂ ಬಾರದ ಹಾವಿಗಾಗಿ ದಿನಾ ರಾತ್ರಿ ಸಿದ್ಧನಾಗಿ ಮಲಗುತ್ತಾನೆ. ನೀರಲ್ಲಿ ಮಾಡುವುದೂ ಇದೇ ಲೆಕ್ಕ ಇರಬೇಕು ಅಂತ ನನಗನ್ನಿಸುತ್ತದೆ. ತೊರೆಯಲ್ಲಾದರೆ ಹರಿದುಹೋಗುತ್ತಿತ್ತು. ಇಲ್ಲಿ ನೀರು ಹರಿಯುವುದಿಲ್ಲ, ಅದರ ಬದಲು ನಾನು ಹರಿಯುತ್ತಿದ್ದೇನೆ, ಬಚ್ಚಲಿಗೂ ಕೋಣೆಗೂ ನಡುವೆ.

ನಿನ್ನೆ ಸಂಜೆ ಕೊಂಬೆಯನ್ನು ಮತ್ತೆ ಟಬ್ಬಿನ ಮೇಲಕ್ಕೆ ತಿರುಗಿಸಿ ಕಟ್ಟಿದೆ. ಬೆಳಿಗ್ಗೆ ಆರೂವರೆಗೆ ಮೊದಲನೆಯದು. ತೊಳೆದು ತುಂಬಿಸಿದೆ. ಎಂಟಕ್ಕೆ ಎರಡನೆಯದು, ಮೂರು ದಿನದ ಬಾಕಿ. ಸಾಕಪ್ಪ ಅಂತ ಬಡಗಿಗೆ ಫೋನು ಮಾಡಿ, ತಳದಲ್ಲಿ ತೂತು ಕೊರೆದು ಪೈಪು ಕೂರಿಸಲು ಎಷ್ಟು ದಿನ ಅಂತ ಕೇಳಿದೆ. ಗೂಡನ್ನು ಹೊರಗೆ ತಂದರೆ ಅರ್ಧ ದಿನದ ಕೆಲಸ ಸಾರ್ ಅಂದ. ಕೋಣೆಯ ಬಾಗಿಲಿನ ಅಗಲ ಎಷ್ಟು ಅಂತ ಅವನೇ ಕೇಳಿದ. ಅಳೆದು ಹೇಳಿದೆ. ಆ ಕಡೆಯಿಂದ ಪೆನ್ಸಿಲ್ಲಿನಲ್ಲಿ ಕಿವಿ ಕೆರೆಯುವ ಸದ್ದು ಕೇಳಿದ ಹಾಗಾಯಿತು.

ಇದನ್ನು ಹೆಂಡತಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೇನೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತಾರೆ, ನಮ್ಮನೆಯದಕ್ಕೆ ಅಮ್ಮ ಸಾಕ್ಷಿ. ಟವೆಲ್ಲು ಸುತ್ತಿಕೊಂಡು ಗೂಡಿನ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತವಳು ಈಗ ಎದ್ದು ನಿಂತಿದ್ದಾಳೆ.

'ಏನೋ, ಇಳೀತಾ ಇದೆ ಕಣೋ!'