ಮೀನು ಬಿಡುವ ಮೊದಲು ಗುಡ್ಡ ನೋಡಿ

ಮೊನ್ನೆ ಊರಿನ ವಾಟ್ಸ್ಯಾಪ್ ಗುಂಪಿಗೆ ಒಂದು ಫೋಟೊ ಬಂತು. ಹೊಳೆ ದಡದಲ್ಲಿ ಹತ್ತಾರು ಜನ ನಿಂತು ಬಕೆಟ್‌ನಿಂದ ಮೀನಿನ ಮರಿ ನೀರಿಗೆ ಸುರಿಯುತ್ತಿದ್ದಾರೆ. ಕೆಳಗೆ ಸಾಲುಸಾಲು ಕೈಮುಗಿದ ಇಮೋಜಿ. ಅವರ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ನನ್ನ ಕಣ್ಣು ಹೋಗಿದ್ದು ಅವರ ಹಿಂದಿದ್ದ ದಡದ ಕಡೆ. ಆಳೆತ್ತರ ಕುಸಿದ ಕೆಂಪು ಮಣ್ಣು. ನೀರೂ ಅದೇ ಬಣ್ಣ. ಈ ನೀರಲ್ಲಿ ಆ ಮರಿಗಳು ಏನು ತಿಂದಾವು, ಎಲ್ಲಿ ಅಡಗಿಯಾವು, ಎಲ್ಲಿ ಮೊಟ್ಟೆ ಇಟ್ಟಾವು?

ಗುಂಪಿನಲ್ಲೇ ಉತ್ತರ ಬರೆಯಲು ಕೂತೆ. ಬರೆಯುತ್ತಾ ಬರೆಯುತ್ತಾ ಉದ್ದವಾಯಿತು. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ನಾನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿಂದ ಪಶ್ಚಿಮಕ್ಕೆ ಅರ್ಧ ಗಂಟೆ ಕಾರು ಓಡಿಸಿದರೆ ಇದ್ದಕ್ಕಿದ್ದಂತೆ ಗುಡ್ಡ, ಕಣಿವೆ ಶುರುವಾಗುತ್ತವೆ. ಮೊದಲ ಸಲ ಹೋದಾಗ ಕೊಪ್ಪದ ಕಡೆಯ ರಸ್ತೆ ನೆನಪಾಗಿ ಗಂಟಲು ಕಟ್ಟಿತ್ತು. ಇದಕ್ಕೆ ಡ್ರಿಫ್ಟ್‌ಲೆಸ್ ಪ್ರದೇಶ ಅನ್ನುತ್ತಾರೆ. ಹಿಮಯುಗದಲ್ಲಿ ಹಿಮದ ಹಾಸು ಸುತ್ತಲಿನ ನಾಡನ್ನೆಲ್ಲ ಉಜ್ಜಿ ಚಪ್ಪಟೆ ಮಾಡಿತು, ಈ ಭಾಗವನ್ನು ಮಾತ್ರ ಬಳಸಿಕೊಂಡು ಹೋಯಿತು. ಅದಕ್ಕೇ ಗುಡ್ಡಗಳು ಉಳಿದಿವೆ. ಅಡಿಯಲ್ಲಿ ಸುಣ್ಣಕಲ್ಲು, ಅದರ ಸಂದುಗಳಲ್ಲಿ ನೀರು. ಎಲ್ಲಿ ನೋಡಿದರೂ ಒರತೆ. ಆ ನೀರು ವರ್ಷವಿಡೀ 9-10 ಡಿಗ್ರಿಯಲ್ಲೇ ಇರುತ್ತದೆ. ಜನವರಿಯಲ್ಲಿ ಊರೆಲ್ಲ ಹೆಪ್ಪುಗಟ್ಟಿದಾಗ ಒರತೆ ಹಳ್ಳದ ಮೇಲೆ ಹಬೆ ಏಳುತ್ತದೆ. ಜುಲೈನಲ್ಲಿ ಕಾಲಿಟ್ಟರೆ ಪಾದ ಮರಗಟ್ಟುತ್ತದೆ.

ಈ ತಣ್ಣೀರಿನ ಮೂಲ ಮೀನು ಬ್ರೂಕ್ ಟ್ರೌಟ್. ಒಂದು ಸಲ ಕೈಯಲ್ಲಿ ಹಿಡಿದು ನೋಡಿ ಬಿಡಬೇಕು. ಬೆನ್ನಿನ ಮೇಲೆ ಹುಳ ಹರಿದಾಡಿದಂಥ ಗೆರೆ. ಪಕ್ಕಗಳಲ್ಲಿ ಕೆಂಪು ಚುಕ್ಕೆ, ಪ್ರತಿ ಚುಕ್ಕೆಯ ಸುತ್ತ ನೀಲಿ ಉಂಗುರ. ಹೊಟ್ಟೆಯ ಕಡೆಯ ರೆಕ್ಕೆಗಳಿಗೆ ಬಿಳಿ ಅಂಚು. ಹೆಸರಿಗೆ ಟ್ರೌಟ್ ಅಂದರೂ ವಿಜ್ಞಾನಿಗಳ ಲೆಕ್ಕದಲ್ಲಿ ಇದು ಚಾರ್ ಎಂಬ ಹತ್ತಿರದ ಗುಂಪಿನದು. ನೀರು 20 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ಚಳಿಗಾಲಕ್ಕೆ ಮುಂಚೆ, ಅಕ್ಟೋಬರ್-ನವೆಂಬರ್‌ನಲ್ಲಿ, ಹೆಣ್ಣು ಬಾಲದಿಂದ ಬಡಿದು ಬಡಿದು ಗರಸಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ಕಲ್ಲು ಮುಚ್ಚುತ್ತದೆ. ಎಲ್ಲೆಂದರಲ್ಲಿ ಅಲ್ಲ, ಅಡಿಯಿಂದ ಒರತೆ ಉಕ್ಕುವ ಜಾಗ ಹುಡುಕಿ. ಇಡೀ ಚಳಿಗಾಲ ಮೊಟ್ಟೆಗಳು ಆ ಕಲ್ಲುಗಳ ಸಂದಿನಲ್ಲಿ ಉಸಿರಾಡಬೇಕು. ಸಂದಿಗೆ ಹೂಳು ತುಂಬಿತೋ, ಮುಗಿಯಿತು. ಮೇಲಿನ ನೀರು ತಿಳಿಯಾಗಿ ಕಂಡರೂ ಒಳಗೆ ಮೊಟ್ಟೆ ಸತ್ತಿರುತ್ತದೆ.

ಹೂಳು ಎಲ್ಲಿಂದ ಬಂತು ಅನ್ನುವುದೇ ನಿಜವಾದ ಕಥೆ. ಇದು ಹೋ-ಚಂಕ್ ಜನರ ನಾಡು. ಅವರನ್ನು ಓಡಿಸಿದ ಮೇಲೆ 1850ರ ಹೊತ್ತಿಗೆ ಯೂರೋಪಿನ ರೈತರು ಬಂದರು. ಕಡಿದಾದ ಇಳಿಜಾರನ್ನೂ ಮೇಲಿಂದ ಕೆಳಕ್ಕೆ ಉತ್ತರು, ಗುಡ್ಡದ ಕಾಡಿಗೆ ದನ ಬಿಟ್ಟರು. ಎಪ್ಪತ್ತು ಎಂಬತ್ತು ವರ್ಷ ಹೀಗೇ ನಡೆಯಿತು. ಮಳೆ ಬಂದರೆ ಗುಡ್ಡದ ಮಣ್ಣೆಲ್ಲ ಕಣಿವೆಗೆ. ಕೆಲವು ಕಡೆ ಹತ್ತು ಅಡಿಗೂ ಜಾಸ್ತಿ ಮಣ್ಣು ಕೂತಿದೆ. ಹಳೆಯ ರಸ್ತೆ, ಬೇಲಿ ಎಲ್ಲ ಅದರಡಿ ಹೂತು ಹೋಗಿವೆ. ನೀರು ಇಂಗದೆ ಒರತೆಗಳೂ ಸೊರಗಿದವು. ಹಳ್ಳ ಅಗಲವಾಯಿತು, ತೆಳುವಾಯಿತು, ಬಿಸಿಯಾಯಿತು. ಮೀನು ಹೋಯಿತು.

ಜನ ಆಗ ಏನು ಮಾಡಿದರು ಗೊತ್ತಾ? ಮರಿ ಬಿಟ್ಟರು! 1880ರ ದಶಕದಲ್ಲಿ ಜರ್ಮನಿಯಿಂದ ಬ್ರೌನ್ ಟ್ರೌಟ್ ಮೊಟ್ಟೆ ಅಮೆರಿಕಕ್ಕೆ ಬಂತು. ಅದು ಸ್ವಲ್ಪ ಬೆಚ್ಚಗಿನ ನೀರನ್ನೂ ತಡೆಯುತ್ತದೆ, ದೊಡ್ಡದಾಗುತ್ತದೆ, ಬ್ರೂಕ್ ಮರಿಗಳನ್ನು ತಿನ್ನುತ್ತದೆ, ಒಳ್ಳೆಯ ಮಡುಗಳಿಂದ ಬ್ರೂಕ್ ಅನ್ನು ಓಡಿಸುತ್ತದೆ. ಪೆಸಿಫಿಕ್ ಕರಾವಳಿಯಿಂದ ರೇನ್‌ಬೋ ತಂದರು. ಹಳ್ಳ ಕೆಟ್ಟಿದ್ದಕ್ಕೆ ಔಷಧಿ ಅಂತ ಮರಿ ಸುರಿದರು, ಹಳ್ಳ ಕೆಟ್ಟೇ ಇತ್ತು, ಜೊತೆಗೆ ಮನೆ ಮಕ್ಕಳಿಗೇ ಮನೆಯಲ್ಲಿ ಜಾಗ ಇಲ್ಲದ ಹಾಗಾಯಿತು.

ಬದಲಾವಣೆ ಶುರುವಾಗಿದ್ದು 1933ರಲ್ಲಿ, ಕೂನ್ ವ್ಯಾಲಿ ಎಂಬ ಪುಟ್ಟ ಊರಿನಲ್ಲಿ. ಇಡೀ ಒಂದು ಹಳ್ಳದ ಜಲಾನಯನವನ್ನೇ ಒಟ್ಟಾಗಿ ಸರಿಮಾಡುವ ಅಮೆರಿಕದ ಮೊದಲ ಪ್ರಯತ್ನ ಅದು. ಸುಮಾರು 90 ಸಾವಿರ ಎಕರೆ. ಮಣ್ಣು ಉಳಿಸಲು ಹ್ಯೂ ಬೆನೆಟ್ ಮುಂದಾಳತ್ವದಲ್ಲಿ ಆಗಷ್ಟೇ ಹುಟ್ಟಿದ್ದ ಸರ್ಕಾರಿ ಇಲಾಖೆ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆಲ್ಡೊ ಲಿಯೊಪೋಲ್ಡ್ ಅವರಂಥ ಪ್ರಾಧ್ಯಾಪಕರು, ಕೆಲಸವಿಲ್ಲದ ಯುವಕರ ಶಿಬಿರ, ಮತ್ತು ರೈತರು. ರೈತ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರೆ ಬೇಲಿ, ಬೀಜ, ಸುಣ್ಣ, ಕೂಲಿ ಆಳು ಸಿಗುತ್ತಿತ್ತು. ಅವನು ಕಡಿದಾದ ಗುಡ್ಡದಿಂದ ದನ ಹೊರಗಿಡಬೇಕು, ಗುಡ್ಡವನ್ನು ಅಡ್ಡಡ್ಡ ಉಳಬೇಕು, ಒಂದು ಪಟ್ಟೆ ಮೆಕ್ಕೆಜೋಳ ಹಾಕಿದರೆ ಪಕ್ಕದ ಪಟ್ಟೆಯಲ್ಲಿ ಹುಲ್ಲು ಬೆಳೆಯಬೇಕು. ಇಷ್ಟೇ.

ಅಲ್ಲಿನ ಒಬ್ಬ ವಯಸ್ಸಾದ ರೈತರು ಹೇಳಿದರು, ಅವರಜ್ಜ ಮೊದಲು ಬಾಯಿಗೆ ಬಂದಂತೆ ಬೈದಿದ್ದರಂತೆ. ಆಫೀಸಿನವರು ಬಂದು ನನಗೆ ಉಳುಮೆ ಕಲಿಸೋದಾ ಅಂತ. ಆಮೇಲೆ ಪಕ್ಕದವನ ಹೊಲದಲ್ಲಿ ಒಂದು ಮಳೆಗಾಲ ಮಣ್ಣು ನಿಂತದ್ದು ನೋಡಿ, ಯಾರಿಗೂ ಹೇಳದೆ ಹೋಗಿ ಸಹಿ ಹಾಕಿ ಬಂದರಂತೆ. ನಮ್ಮ ಕಡೆಯ ಅಜ್ಜಂದಿರೂ ಹೀಗೇ ಅಲ್ವಾ.

ಮುಂದಿನ ದಶಕಗಳಲ್ಲಿ ಸ್ಟ್ಯಾನ್ಲಿ ಟ್ರಿಂಬಲ್ ಎಂಬ ಭೂಗೋಳ ಶಾಸ್ತ್ರಜ್ಞರು ಈ ಕಣಿವೆಯ ಮಣ್ಣನ್ನು ಅಳೆಯುತ್ತಲೇ ಹೋದರು. ಕಣಿವೆಯಲ್ಲಿ ಹೂಳು ಕೂರುವ ವೇಗ 1930ರ ದಶಕಕ್ಕೆ ಹೋಲಿಸಿದರೆ ತೀರಾ ಇಳಿದಿತ್ತು. ಮಳೆ ನೀರು ಇಂಗಿತು, ಒರತೆ ಮರಳಿತು, ಬೇಸಿಗೆಯಲ್ಲೂ ಹಳ್ಳ ತಣ್ಣಗೆ ಹರಿಯಿತು. ಮೀನು ತಾನಾಗೇ ಮರಿ ಮಾಡತೊಡಗಿತು. ದಡದ ಕೆಲಸವೂ ಆಗ ನಡೆದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಗುಡ್ಡ ಸರಿಯಾಗದೆ ಹಳ್ಳದಲ್ಲಿ ಎಷ್ಟು ಕಲ್ಲು ಜೋಡಿಸಿದ್ದರೂ ಮುಂದಿನ ಮಳೆಗೆ ಹೂತು ಹೋಗುತ್ತಿತ್ತು.

ನಾನು ಶನಿವಾರಗಳಲ್ಲಿ ಹೋಗುವುದು ದಡದ ಕೆಲಸಕ್ಕೆ. ಮೊದಲ ದಿನ ನನಗೆ ಆಘಾತವೇ ಆಯಿತು. ಕೈಗೆ ಗರಗಸ ಕೊಟ್ಟು ದಡದ ಮರ ಕಡಿಯಿರಿ ಅಂದರು! ಮಲೆನಾಡಿನಲ್ಲಿ ಹಳ್ಳದ ಬದಿಯ ಮರ ಮುಟ್ಟಬಾರದು ಅಂತ ಕೇಳಿ ಬೆಳೆದವನು ನಾನು. ವಾದ ಮಾಡಿದೆ. ಅಲ್ಲಿದ್ದವರೊಬ್ಬರು ಬೈಯದೆ ಒಂದು ಬಾಕ್ಸ್ ಎಲ್ಡರ್ ಮರದ ಬುಡಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಬೇರು ಮೇಲ್ಮೇಲೆ ಹರಡಿದೆ. ನೆರಳಿಗೆ ಅಡಿಯಲ್ಲಿ ಒಂದು ಎಳೆ ಹುಲ್ಲೂ ಇಲ್ಲ, ಬರೀ ಮಣ್ಣು. ಪ್ರವಾಹ ಬಂದಾಗ ಮರ ಉರುಳುತ್ತದೆ, ಉರುಳುವಾಗ ಲಾರಿಗಟ್ಟಲೆ ಮಣ್ಣನ್ನು ಜೊತೆಗೇ ಎಳೆದುಕೊಂಡು ಹೋಗುತ್ತದೆ. ಈ ಕಣಿವೆಗಳು ಹಿಂದೆ ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಓಕ್ ಮರ. ಆ ಹುಲ್ಲಿನ ಬೇರು ಆಳೆತ್ತರ ಕೆಳಗಿಳಿದು ದಡವನ್ನು ಹಿಡಿಯುತ್ತಿತ್ತು. ಅಂದರೆ ನನ್ನೂರಿಗೆ ಸರಿಯಾದದ್ದು ಇಲ್ಲಿಗೆ ಸರಿಯಲ್ಲ, ಇಲ್ಲಿಯದು ನನ್ನೂರಿಗೆ ಸರಿಯಲ್ಲ. ದಯವಿಟ್ಟು ಯಾರೂ ಇದನ್ನು ಓದಿ ತುಂಗೆಯ ದಡದಲ್ಲಿ ಮರ ಕಡಿಯಬೇಡಿ.

ಮರ ತೆಗೆದ ಮೇಲೆ ಹಿಟಾಚಿ ಬರುತ್ತದೆ. ಗೋಡೆಯಂತೆ ನೆಟ್ಟಗಿರುವ ದಡವನ್ನು ಇಳಿಜಾರು ಮಾಡುತ್ತಾರೆ, ನೆರೆ ಬಂದರೆ ನೀರು ಹೊಲದ ಕಡೆ ಹರಡಿ ಸುಸ್ತಾಗಲಿ ಅಂತ. ಕಲ್ಲು ಜೋಡಿಸಿ ಹಳ್ಳವನ್ನು ಕಿರಿದು ಮಾಡುತ್ತಾರೆ. ಕಿರಿದಾದರೆ ನೀರು ಜೋರಾಗಿ ಓಡಿ ಹೂಳನ್ನು ತಾನೇ ತೊಳೆಯುತ್ತದೆ, ಗರಸು ಮತ್ತೆ ಕಾಣುತ್ತದೆ. ತಿರುವುಗಳಲ್ಲಿ ಓಕ್ ಹಲಗೆಯ ಪೆಟ್ಟಿಗೆ ಹೂಳುತ್ತಾರೆ, ಅದಕ್ಕೆ ಲಂಕರ್ ಅನ್ನುತ್ತಾರೆ. ಮೇಲೆ ಕಲ್ಲು, ಮಣ್ಣು, ಹುಲ್ಲು. ಕೆಳಗೆ ಮೀನಿಗೆ ಸೂರು. ಕೊಕ್ಕರೆಗೆ ಕಾಣದ ಹಾಗೆ ಅಡಗಿಕೊಳ್ಳುತ್ತದೆ. ಇದಕ್ಕೆಲ್ಲ ಹಣ ಬರುವ ರೀತಿ ನನಗೆ ತುಂಬಾ ಇಷ್ಟ. ಇಲ್ಲಿ ಟ್ರೌಟ್‌ಗೆ ಗಾಳ ಹಾಕಬೇಕಾದರೆ ಲೈಸೆನ್ಸ್ ಜೊತೆ 10 ಡಾಲರ್‌ನ ಬೇರೆ ಸ್ಟಾಂಪ್ ತೆಗೆದುಕೊಳ್ಳಬೇಕು. ಆ ದುಡ್ಡು ಹಳ್ಳದ ಕೆಲಸಕ್ಕೆ ಹೋಗುತ್ತದೆ. ರೈತರಿಂದ ಹಳ್ಳದ ಎರಡೂ ಬದಿ 66 ಅಡಿ ಜಾಗದ ಹಕ್ಕನ್ನು ಸರ್ಕಾರ ಕೊಳ್ಳುತ್ತದೆ. ಜಮೀನು ರೈತನದೇ. ದಡ ಮಾತ್ರ ಕಾಯಂ ಆಗಿ ಉಳಿಯುತ್ತದೆ, ಯಾರು ಬೇಕಾದರೂ ಬಂದು ಗಾಳ ಹಾಕಬಹುದು.

ಆದರೆ ಇದರಲ್ಲೂ ಜಗಳವಿದೆ, ನಾನೂ ಒಂದು ಕಡೆ ನಿಂತಿದ್ದೇನೆ. ಆಳವಾದ ಮಡು, ದೊಡ್ಡ ಸೂರು ಮಾಡಿದರೆ ಜಾಸ್ತಿ ಲಾಭ ಆಗುವುದು ಬ್ರೌನ್‌ಗೆ. ಗಾಳದವರಿಗೆ ಅದೇ ಖುಷಿ, ಮೊಳದುದ್ದದ ಮೀನು ಸಿಗುತ್ತದೆ. ಹಾಗಾಗಿ ಒರತೆ ಹುಟ್ಟುವ ತುದಿಯ ಸಣ್ಣ ಹಳ್ಳಗಳನ್ನಾದರೂ ಬ್ರೂಕ್‌ಗೆ ಅಂತಲೇ ಬಿಡಬೇಕು ಅನ್ನುವುದು ನನ್ನ ಮಾತು. ಅಲ್ಲಿ ದೊಡ್ಡ ಮಡು ಬೇಡ, ತಣ್ಣೀರು ಮತ್ತು ಗರಸು ಸಾಕು. ಬಿಸಿಲು ಹೀಗೇ ಏರಿದರೆ ಈ ಶತಮಾನದ ಮಧ್ಯಕ್ಕೆ ವಿಸ್ಕಾನ್ಸಿನ್‌ನಲ್ಲಿ ಬ್ರೂಕ್‌ಗೆ ಒಗ್ಗುವ ಹಳ್ಳಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೈತಪ್ಪಬಹುದು ಅಂತ ಇಲ್ಲಿನ ವಿಜ್ಞಾನಿಗಳೇ ಲೆಕ್ಕ ಹಾಕಿದ್ದಾರೆ. ಆಗ ಉಳಿಯುವುದು ಈ ತುದಿಗಳೇ.

ಇನ್ನೊಂದು ಭಯವಿದೆ. ಪಟ್ಟೆ ಪಟ್ಟೆಯಾಗಿ ಹುಲ್ಲು ಬೆಳೆದದ್ದು ದನಗಳಿಗಾಗಿ. ದನ ಇದ್ದದ್ದು ಹಾಲಿಗಾಗಿ. 2004ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಹಾಲಿನ ಕೊಟ್ಟಿಗೆಗಳು 15 ಸಾವಿರಕ್ಕೂ ಹೆಚ್ಚು ಇದ್ದವು. 2023ರ ಹೊತ್ತಿಗೆ 6 ಸಾವಿರಕ್ಕಿಂತ ಕಡಿಮೆ. ಸಣ್ಣ ರೈತ ಹಸು ಮಾರಿದ ದಿನ ಅವನ ಹುಲ್ಲಿನ ಪಟ್ಟೆಗೂ ಕೆಲಸವಿಲ್ಲ. ಅಲ್ಲಿ ಮೆಕ್ಕೆಜೋಳ, ಸೋಯಾ ಬರುತ್ತದೆ, ಮಣ್ಣು ಮತ್ತೆ ಬಿಚ್ಚಿಕೊಳ್ಳುತ್ತದೆ. 2018ರ ಆಗಸ್ಟ್ ಕೊನೆಯಲ್ಲಿ ಒಂದೇ ರಾತ್ರಿಯ ಮಳೆಗೆ ಕೂನ್ ಕ್ರೀಕ್ ಮತ್ತು ಪಕ್ಕದ ಕಿಕಾಪೂ ಕಣಿವೆಯಲ್ಲಿ ನೆರೆ ತಡೆಯುವ ಐದು ಹಳೆಯ ಮಣ್ಣಿನ ಅಣೆಕಟ್ಟುಗಳು ಒಡೆದವು. ಆ ಮಳೆಯೇ ಅಂಥದ್ದು, ಹೌದು. ಆದರೆ ಹಾಲಿಗೆ ಒಳ್ಳೆಯ ಬೆಲೆ ಸಿಕ್ಕಿ ಗುಡ್ಡದ ಮೇಲೆ ಹುಲ್ಲು ಉಳಿದರೆ ಕೆಳಗಿನ ಮೀನಿಗೂ ಊರಿಗೂ ಒಳ್ಳೆಯದು ಅಂತ ಇಲ್ಲಿ ಬರುವ ಮೊದಲು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಮೂಲ ಮೀನು ಅನ್ನುವುದು ಜಾಗದ ಮಾತು, ಜಾತಿಯ ಮಾತಲ್ಲ. ನಾನು ಇಲ್ಲಿ ಉಳಿಸಲು ಒದ್ದಾಡುವ ಇದೇ ಬ್ರೂಕ್ ಟ್ರೌಟ್ ಅರಿಜೋನಾದ ಬೆಟ್ಟಗಳಲ್ಲಿ ಹೊರಗಿನಿಂದ ತಂದು ಬಿಟ್ಟ ಮೀನು. ಅಲ್ಲಿನ ಅಪಾಚೆ ಟ್ರೌಟ್ ಸೋತದ್ದಕ್ಕೆ ಅದೂ ಒಂದು ಕಾರಣ. ವೈಟ್ ಮೌಂಟನ್ ಅಪಾಚೆ ಜನ 1950ರ ದಶಕದಲ್ಲೇ ತಮ್ಮ ತೊರೆಗಳಲ್ಲಿ ಅಪಾಚೆ ಟ್ರೌಟ್ ಹಿಡಿಯುವುದಕ್ಕೆ ತಡೆ ಹಾಕಿದ್ದರು. ಆಮೇಲೆ ತೊರೆಗೆ ಅಡ್ಡಲಾಗಿ ತಡೆ ಕಟ್ಟಿ, ಮೇಲಿನ ನೀರಿನಿಂದ ಹೊರಗಿನ ಮೀನನ್ನು ತೆಗೆದು ತೆಗೆದು, 2024ರಲ್ಲಿ ಅಪಾಯದ ಪಟ್ಟಿಯಿಂದ ಅದರ ಹೆಸರು ಹೊರಬಂತು. ಆ ಸುದ್ದಿ ಓದಿದ ದಿನ ನಾನು ಮನೆಯಲ್ಲಿ ಪಾಯಸ ಮಾಡಿಸಿದ್ದೆ.

ಈಗ ನಮ್ಮ ಕಾವೇರಿ. ಅಲ್ಲಿನವರು ಬಿಳಿಮೀನು ಅನ್ನುವ ಮಹಶೀರ್‌ನಲ್ಲಿ ಬೆನ್ನು ಗೂನಿರುವ ದೊಡ್ಡ ಜಾತಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೀನು ಕಡಿಮೆಯಾಯಿತು ಅಂತ ಕಾಳಜಿಯಿಂದಲೇ ಲೋನಾವಳದ ಮರಿಕೇಂದ್ರದ ನೀಲಿ ರೆಕ್ಕೆಯ ಮಹಶೀರ್ ತಂದು ಬಿಟ್ಟರು. ಇವತ್ತು ಗಾಳಕ್ಕೆ ಸಿಗುವುದೆಲ್ಲ ಹೆಚ್ಚುಕಡಿಮೆ ಅದೇ. ನಮ್ಮ ಗೂನುಬೆನ್ನಿನ ಮೀನಿಗೆ 2018ರ ತನಕ ಸರಿಯಾದ ವೈಜ್ಞಾನಿಕ ಹೆಸರೂ ಗೊತ್ತಾಗಿರಲಿಲ್ಲ. ಗೊತ್ತಾದ ವರ್ಷವೇ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಮರಿ ಬಿಟ್ಟ ಫೋಟೊ ನೋಡಿದರೆ ನನಗೆ ಹೊಟ್ಟೆಯಲ್ಲಿ ತಳಮಳ ಆಗುವುದು ಇದಕ್ಕೇ.

ಗುಂಪಿನ ಗೆಳೆಯರೇ, ಆ ಮರಿಗಳು ಯಾವ ಜಾತಿ, ಎಲ್ಲಿಂದ ಬಂದವು? ದಯವಿಟ್ಟು ವಿಚಾರಿಸಿ. ಮುಂದಿನ ವರ್ಷ ಅದೇ ದುಡ್ಡು ಕೂಡಿಸುವುದಾದರೆ ನಾನೂ ಕೊಡುತ್ತೇನೆ, ಆದರೆ ಕುಸಿದ ದಡಕ್ಕೆ, ಮೇಲಿನ ಗುಡ್ಡದ ಹೊಸ ರಸ್ತೆಯ ಮಣ್ಣು ತಡೆಯುವುದಕ್ಕೆ.

ನಿನ್ನೆ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಅಂದರು, "ಅದೆಲ್ಲ ಇರಲಿ ಮಾರಾಯ, ನಮ್ಮ ಗದ್ದೆ ಹಳ್ಳಕ್ಕೆ ಆ ಮೋರಿ ಹಾಕಿದ ಮೇಲೆ ಹತ್ತುಮೀನು ಒಂದೂ ಬಂದಿಲ್ಲ ನೋಡು." ಮೊದಲ ಮಳೆಗೆ ಮೊಟ್ಟೆ ತುಂಬಿಕೊಂಡು ಹೊಳೆಯಿಂದ ಗದ್ದೆಗೆ ಹತ್ತಿ ಬರುತ್ತಿದ್ದ ಮೀನು. ಮೋರಿಯ ಕೊಳವೆ ನೀರಿಗಿಂತ ಮೊಳದಷ್ಟು ಮೇಲೆ ನಿಂತಿದೆಯಂತೆ, ಕೆಳಗೆ ನೀರು ಬಿದ್ದು ಬಿದ್ದು ಗುಂಡಿಯಾಗಿದೆಯಂತೆ. ಅಷ್ಟು ಎತ್ತರ ಮೀನು ಹೇಗೆ ಹಾರೀತು? ಇಲ್ಲಿ ಇಂಥ ಎಷ್ಟೋ ಮೋರಿಗಳನ್ನು ಬದಲಿಸಿದ್ದಾರೆ. ಅಷ್ಟು ದೊಡ್ಡ ಕೆಲಸ ನಮ್ಮಿಂದ ಆಗದಿದ್ದರೂ ಕೆಳಗೆ ಕಲ್ಲು ಜೋಡಿಸಿ ನೀರನ್ನು ಎರಡು ಮೂರು ಮೆಟ್ಟಿಲಾಗಿ ಎತ್ತರಿಸಬಹುದು. ಚಿಕ್ಕಪ್ಪ ನಾಳೆ ಅಳತೆ ತೆಗೆದು ಫೋಟೊ ಕಳಿಸುತ್ತಾರೆ. ಮೇ ಮೊದಲ ವಾರ ನಾನು ಊರಿಗೆ ಬರುತ್ತಿದ್ದೇನೆ, ಮಳೆಗೆ ಮುಂಚೆ ಎರಡು ದಿನದ ಕೆಲಸ. ಯಾರು ಯಾರು ಬರುತ್ತೀರಿ, ಕೆಳಗೆ ಹೇಳಿ. ಹಾರೆ, ಬುಟ್ಟಿ ನಮ್ಮನೆಯಲ್ಲಿವೆ.