ಫೋಮೂ ಗ್ಲಾಸ್ ವುಲ್ಲೂ ಒಂದೇ ಅಂತೆ!

ಎರಡೂ ಮೆತ್ತಗಿರುತ್ತಲ್ಲ, ಅದಕ್ಕೆ ಒಂದೇ ಅಂತೆ. ರಾತ್ರಿ ಹನ್ನೆರಡು ದಾಟಿದೆ, ಹಂಚಿನ ಮೇಲೆ ಮಳೆ ಹೊಯ್ತಾ ಇದೆ, ಆ ಮಾತು ಮಾತ್ರ ಕಿವಿ ಬಿಟ್ಟು ಹೋಗ್ತಾ ಇಲ್ಲ.

ಸಮಾರಂಭ ನಡೆಯೋ ಹಾಲ್‌ನಲ್ಲಿ ದನಿ ಗುಂಯ್‌ಗುಡದ ಹಾಗೆ ಗೋಡೆಗೆ ಹಾಕೋಕೆ ನಾನು ಬರೆದುಕೊಟ್ಟಿದ್ದು 50 ಎಂಎಂ ಗ್ಲಾಸ್ ವುಲ್, ಅಂದ್ರೆ ಗಾಜಿನ ಎಳೆಯ ಹತ್ತಿಯಂಥದ್ದು, ಮೇಲೆ ಬಟ್ಟೆ, ಒಟ್ಟು 60 ಚದರ ಮೀಟರ್. ಬೆಳಿಗ್ಗೆ ಹೋಗಿ ಒತ್ತಿ ನೋಡಿದ್ರೆ ಬೆರಳು ಸೀದಾ ಗೋಡೆಗೇ ತಾಗ್ತು. 12 ಎಂಎಂ ಫೋಮ್! "ಶಿವಮೊಗ್ಗದಲ್ಲಿ ಅರ್ಧ ರೇಟಿಗೆ ಸಿಕ್ತು ಭಾವ, ಬಣ್ಣ ಅದೇ ಇದೆಯಲ್ಲ" ಅಂದ್ರು ಹಾಲ್‌ನ ಖಜಾಂಚಿ. ವರಸೆಯಲ್ಲಿ ಭಾವ ಬೇರೆ, ಜಗಳ ಆಡೋ ಹಾಗೂ ಇಲ್ಲ. ದನಿ ಲೆಕ್ಕ ಹಾಕೋ ಸಾಫ್ಟ್‌ವೇರ್ ಬಣ್ಣ ಕೇಳಲ್ಲ ಮಾರಾಯ್ರೇ! ದಪ್ಪ ಕೇಳುತ್ತೆ, ಹಿಂದೆ ಎಷ್ಟು ಗಾಳಿ ಬಿಟ್ಟಿದ್ದೀರಿ ಅಂತ ಕೇಳುತ್ತೆ, ದಪ್ಪ ದನಿಯ 125 ಹರ್ಟ್ಸ್‌ನಿಂದ ಕೀಚಲು ದನಿಯ 4000ದವರೆಗೆ ಒಂದೊಂದಕ್ಕೂ ಬೇರೆ ಲೆಕ್ಕ ಹಾಕುತ್ತೆ. ತೆಳು ಫೋಮ್ ಕೀಚಲು ಸದ್ದನ್ನ ಅಷ್ಟಿಷ್ಟು ನುಂಗುತ್ತೆ, ಗಂಡಸರ ದಪ್ಪ ದನಿ ಬಂದ್ರೆ ಕೈಚೆಲ್ಲುತ್ತೆ.

ಹೋಗ್ಲಿ ಬಿಡಿ, ಅದು ಅವರ ದುಡ್ಡು. ಆದ್ರೆ ಸಮಾರಂಭದಲ್ಲಿ, ಮೈಕಲ್ಲಿ ನನ್ನನ್ನ ಯಾಕೆ ಎಳೀಬೇಕು?

ಮುಖ್ಯ ಅತಿಥಿಗಳು ನಾಲ್ಕು ವಾಕ್ಯ ಮಾತಾಡಿರಬಹುದು. ಒಂದು ಶಬ್ದಕ್ಕೆ ಇನ್ನೊಂದು ಶಬ್ದ ಸಿಕ್ಕಿಹಾಕ್ಕೊಂಡು ಬರೀ ಗುಂಯ್ ಅಂತಿತ್ತು. ನಿಲ್ಲಿಸಿದ್ರು. ಒಂದು ಚಪ್ಪಾಳೆ ತಟ್ಟಿದ್ರು. ಒಂದೇ. ಅದು ಹಾಲ್‌ನಲ್ಲಿ ಸುತ್ತಿ ಸುತ್ತಿ ಸಾಯೋ ತನಕ ಕಾದ್ರು. ಆಮೇಲೆ, "ಇದರ ಇಂಜಿನಿಯರು ಬಂದಿದಾರಾ?" ಅಂದ್ರು. ನಾನು ಹಿಂದಿನ ಬಾಗಿಲ ಹತ್ರ ಕಾಫಿ ಲೋಟ ಹಿಡ್ಕೊಂಡು ನಿಂತಿದ್ದೆ. ನಮ್ಮ ಖಜಾಂಚಿ ಭಾವ ವೇದಿಕೆಯಿಂದ ಕೈ ತೋರಿಸಿ, "ಅಲ್ಲಿದಾನೆ ನೋಡಿ, ಕಂಪ್ಯೂಟರಲ್ಲಿ ಹಾಕಿ ನೋಡಿದ್ನಂತೆ" ಅಂದ್ರು. ಎಲ್ಲರೂ ತಿರುಗಿದ್ರು. ನಮ್ಮ ಅತ್ತೆಯೂ. ಎಲ್ಲರೂ ನಕ್ಕರು, ಅವರು ನಗು ನಿಲ್ಲಿಸಿದ ಮೇಲೂ ಆ ಹಾಲ್ ನಗ್ತಾನೇ ಇತ್ತು. ನಾನು ಏನು ಮಾಡಿದೆ ಗೊತ್ತಾ? ನಾನೂ ನಕ್ಕೆ. ಲೋಟ ಎತ್ತಿ ತೋರಿಸಿ ನಕ್ಕೆ!

ಊಟಕ್ಕೆ ಕೂತಾಗ ಇನ್ನೊಬ್ಬರು, "ಸೌಂಡ್ ಹೀರೋದು ಹಾಕಿದ ಮೇಲೂ ತಗಡಿನ ಮಳೆ ಸದ್ದು ಯಾಕೆ ಬರುತ್ತೆ?" ಅಂತ. ಒಳಗಿನ ಸದ್ದು ಹೀರೋದು ಬೇರೆ, ಹೊರಗಿನದನ್ನ ತಡೆಯೋದು ಬೇರೆ. ಹೇಳಲಿಲ್ಲ. ಹೋಳಿಗೆ ತಿಂದೆ.

ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದೆ, ಅವರ ತಪ್ಪನ್ನ ಅಂಕಿಯಲ್ಲಿ ಹಿಡಿಯೋಣ ಅಂತ. ಅಲ್ಲೇ ಎಡವಟ್ಟಾಯ್ತು. ಹಾಲ್ 1320 ಘನ ಮೀಟರ್. ದನಿ 1 ಸೆಕೆಂಡಲ್ಲಿ ಅಡಗಬೇಕಾದ್ರೆ ದನಿ ಎಷ್ಟು ಹೊತ್ತು ಉಳಿಯುತ್ತೆ ಅಂತ ಹೇಳೋ ಸಬೈನ್ ಸೂತ್ರದಲ್ಲಿ, ಸದ್ದನ್ನ ಪೂರ್ತಿ ನುಂಗೋ 212 ಚದರ ಮೀಟರಿನಷ್ಟು ಹೀರಿಕೆ ಬೇಕು. ಅದರಲ್ಲಿ 135 ಎಲ್ಲಿಂದ ಬಂದಿತ್ತು ಅಂದ್ರೆ, ನಾನು ಕಂಪ್ಯೂಟರಲ್ಲಿ ತುಂಬಿಸಿದ್ದ 300 ಜನರಿಂದ (ಜನರ ಮೈ, ಬಟ್ಟೆಯೂ ದನಿ ಹೀರುತ್ತಲ್ಲ), ತಲೆಗೆ 0.45ರ ಹಾಗೆ. ಶ್ರಾವಣದ ಈ ಮಳೆಗೆ ಬಂದಿದ್ದು 42 ಜನ, ಅಡುಗೆಯವರನ್ನೂ ಸೇರಿಸಿ. ಉಳಿದದ್ದೆಲ್ಲ ಖಾಲಿ ಪ್ಲಾಸ್ಟಿಕ್ ಕುರ್ಚಿ. ಅಂದ್ರೆ ಗ್ಲಾಸ್ ವುಲ್ಲೇ ಹಾಕಿದ್ರೂ 2 ಸೆಕೆಂಡ್ ದಾಟ್ತಿತ್ತು. ಫೋಮಿಗೆ ಮೂರೂವರೆ. ಖಾಲಿ ಹಾಲ್‌ನ ಲೆಕ್ಕ ಒಂದು ಸಲವೂ ಹಾಕಿ ನೋಡದ ಮಹಾನುಭಾವ ಯಾರು? ನಾನೇ. 1895ರಲ್ಲಿ ಹಾರ್ವರ್ಡಲ್ಲಿ ಆ ಸೂತ್ರದ ಸಬೈನ್ ಮಹಾಶಯ ರಾತ್ರಿ ಹೊತ್ತು ನಾಟಕಶಾಲೆಯ ಸೀಟಿನ ದಿಂಬು ಹೊರಿಸಿ, ಕೂರೋ ಜಾಗ ಎಷ್ಟು ಹೀರುತ್ತೆ ಅಂತ ಅಳೆದ. ನಾನು ಎಸಿ ರೂಮಲ್ಲಿ ಕೂತು ಮೌಸ್ ಒತ್ತಿದೆ.

ಹಾಗಂತ ಫೋಮ್ ಹಾಕಿದ್ದು ಸರಿಯಾ? ಯಾರಾದ್ರೂ ಉತ್ತರ ಕೊಡಿ. ಡ್ರಾಯಿಂಗ್ ಮೇಲೆ ನನ್ನ ಸಹಿ ಇದೆ, ಗೋಡೆ ಮೇಲಿರೋದಕ್ಕೆ ಯಾರ ಸಹಿ? ಕಿತ್ತು ಹಾಕಿ ಅಂದ್ರೆ ದುಡ್ಡು ಯಾರದ್ದು? ಎಂತ ಮಾಡೋದು, ನನ್ನ ಫೀಸೂ ಇನ್ನೂ ಅರ್ಧ ಬರಬೇಕು.

ಬರೋ ಭಾನುವಾರ ಅಲ್ಲೇ ಒಂದು ಮದುವೆ. ಮುನ್ನೂರು ಜನ ಬಂದೇ ಬರ್ತಾರೆ. ಅಷ್ಟು ಜನ ಕೂತ್ರೆ ಆ ದರಿದ್ರ ಫೋಮ್ ಇದ್ದೂ 1.2 ಸೆಕೆಂಡಿಗೆ ಇಳಿಯುತ್ತೆ, ಈಗಷ್ಟೇ ಹಾಕಿ ನೋಡಿದೆ. ಮಂತ್ರ ಸ್ಪಷ್ಟ ಕೇಳುತ್ತೆ. ಆಗ ನೋಡಿ ನಮ್ಮ ಭಾವ ಗೋಡೆ ತಟ್ಟಿ ತಟ್ಟಿ ತೋರಿಸ್ತಾರೆ, ಅರ್ಧ ರೇಟಿನದ್ದು ಅಂತ.